ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಮನುಷ್ಯರಿಗೂ ಅಂಟುತ್ತಾ?

ಪ್ರಶ್ನೆ: ಮಳೆಗಾಲದಲ್ಲಿ ವಾಶಿ ಮಾರ್ಕೆಟ್‌ನಿಂದ ತರಿಸಿದ ಈರುಳ್ಳಿ ಒಳಗೇ ಕೊಳೆತು ಹುಳಿ ವಾಸನೆ ಬರುತ್ತದೆ. ಬೆಳೆಗೆ ಬರುವ ಈ ರೋಗ ನಮಗೂ ಬರುತ್ತಾ?
(ಕ್ಯಾಂಟೀನ್ ಮಾಲೀಕರು, ಡೊಂಬಿವಲಿ)

ಉತ್ತರ: ಆರೋಗ್ಯವಾಗಿರುವವರು ಹೆದರಬೇಕಿಲ್ಲ. ಗಿಡಗಳಿಗೆ ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ನಮ್ಮ ಮೈಯ 37 ಡಿಗ್ರಿ ಬಿಸಿಯೇ ಆಗಿಬರುವುದಿಲ್ಲ. ಸಿಪ್ಪೆಯ ಮೇಲಿನ ಕಪ್ಪು ಪುಡಿಯಂತೂ ಬ್ಯಾಕ್ಟೀರಿಯಾವೇ ಅಲ್ಲ, ಬೂಸ್ಟು.

ಆದರೆ ಹುಳಿ ವಾಸನೆಯ ಕೊಳೆ ತರುವ ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಸ್ವಲ್ಪ ಗಟ್ಟಿ ಪಿಂಡ. ಅಮೆರಿಕದ ವಾಲ್ಟರ್ ಬರ್ಕ್‌ಹೋಲ್ಡರ್ 1950ರಲ್ಲಿ ಇದನ್ನು ಕೊಳೆತ ಈರುಳ್ಳಿಯಲ್ಲೇ ಗುರುತಿಸಿದರು. ಮುಂದೆ ಇದೇ ಬಳಗದವು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇರುವವರ ಶ್ವಾಸಕೋಶದಲ್ಲೂ ಸಿಕ್ಕವು.

ನಮ್ಮ ಬಿಳಿರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗಿ ಪುಟ್ಟ ಚೀಲದಲ್ಲಿ ಕೂಡಿಹಾಕುತ್ತದೆ. ಆ ಚೀಲಕ್ಕೆ ಆಮ್ಲ, ಕಿಣ್ವ ಬಂದು ಸೇರಿದರೆ ಅದರ ಕಥೆ ಮುಗಿಯಿತು. ಈ ಬಳಗದವು ಆ ಸೇರುವಿಕೆಯನ್ನೇ ತಡಮಾಡಿಸಿ, ನುಂಗಿದ ಕಣದೊಳಗೇ ಬದುಕಿಕೊಳ್ಳುತ್ತವೆ. ದೇಹಕ್ಕೆ ಇನ್ನೊಂದು ಅಸ್ತ್ರವೂ ಇದೆ. ಧನ ವಿದ್ಯುದಂಶವಿರುವ ಚಿಕ್ಕ ಪ್ರೊಟೀನ್‌ಗಳು ಬ್ಯಾಕ್ಟೀರಿಯಾದ ಋಣ ವಿದ್ಯುದಂಶದ ಮೈಗೆ ಅಂಟಿ ತೂತು ಕೊರೆಯುತ್ತವೆ. ಇದೋ, ಹೊರಪದರಕ್ಕೆ ಒಂದು ಬಗೆಯ ಸಕ್ಕರೆ ಜೋಡಿಸಿಕೊಂಡು ಆ ಋಣಾಂಶವನ್ನೇ ಇಳಿಸಿಬಿಡುತ್ತದೆ! ಕೊಲಿಸ್ಟಿನ್‌ನಂಥ ಪ್ರಬಲ ಔಷಧಿ ಇದರ ಮೇಲೆ ನಡೆಯದಿರುವುದಕ್ಕೂ ಇದು ಮುಖ್ಯ ಕಾರಣ.

ಹೊಲದ ಜೀವಿಗೆ ಇಷ್ಟೆಲ್ಲ ವಿದ್ಯೆ ಏಕೆ ಬೇಕು? ನನಗೆ ತುಂಬ ಇಷ್ಟವಾಗುವ ಭಾಗ ಇದೇ. ಮಣ್ಣಿನ ಅಮೀಬಾಗಳೂ ಬ್ಯಾಕ್ಟೀರಿಯಾಗಳನ್ನು ಹೀಗೇ ನುಂಗಿ ಕರಗಿಸುತ್ತವೆ. ಗಿಡಗಳೂ ಹೈಡ್ರೋಜನ್ ಪೆರಾಕ್ಸೈಡ್, ಚಿಕ್ಕ ಪ್ರೊಟೀನ್‌ಗಳನ್ನು ಬಿಟ್ಟು ಹೋರಾಡುತ್ತವೆ. ಅಲ್ಲಿ ಬದುಕಲು ಕಲಿತದ್ದು ನಮ್ಮ ಮೈಯಲ್ಲೂ ಉಪಯೋಗಕ್ಕೆ ಬರುತ್ತದೆ ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಹಾಗಿದ್ದರೂ ನಾವು ಬಚಾವ್ ಆಗುವುದು ಹೇಗೆ? ಬಿಳಿರಕ್ತಕಣಗಳು ಆಮ್ಲಜನಕದಿಂದ ತಯಾರಿಸುವ ವಿಷಗಳು ಇದನ್ನು ಹತೋಟಿಯಲ್ಲಿಡುತ್ತವೆ. ಹುಟ್ಟಿನಿಂದಲೇ ಅವನ್ನು ತಯಾರಿಸಲಾಗದ ಮಕ್ಕಳಿಗೆ ಇದೇ ಬ್ಯಾಕ್ಟೀರಿಯಾದಿಂದ ಜೀವಕ್ಕೇ ಅಪಾಯವಾಗಬಹುದು. ಆಸ್ಪತ್ರೆಗಳಲ್ಲಿ ಇದು ಕಲುಷಿತ ನೀರು, ಔಷಧಿ, ಸೋಂಕುನಾಶಕದ ಬಾಟಲಿಯಿಂದಲೂ ಹರಡಿದೆ.

ಕ್ಯಾಂಟೀನ್‌ನಲ್ಲಿ ಮಾಡಬೇಕಾದ್ದು ಇಷ್ಟೇ: ಒಳಪದರ ಲೋಳೆಯಾಗಿದ್ದರೆ ಇಡೀ ಗಡ್ಡೆ ಎಸೆಯಿರಿ, ಉಳಿದದ್ದನ್ನು ಗಾಳಿಯಾಡುವ ಒಣ ಜಾಗದಲ್ಲಿ ಹರಡಿ, ಕೈಯನ್ನೂ ಚಾಕುವನ್ನೂ ಸೋಪು ಹಾಕಿ ತೊಳೆಯಿರಿ.