ಸ್ಫೋಟದ ಏಟನ್ನು ಕಂಪ್ಯೂಟರೇ ಲೆಕ್ಕ ಹಾಕುವಾಗ ನಿಜವಾಗಿ ಹೊಡೆದು ನೋಡುವುದು ಯಾಕೆ?

ಪ್ರಶ್ನೆ: ಲೋಹಕ್ಕೆ ಸ್ಫೋಟದಂಥ ಏಟು ಬಿದ್ದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲೇ ನೋಡಬಹುದಲ್ವಾ? ಆದರೂ ಲ್ಯಾಬಿನಲ್ಲಿ ಯಾಕೆ ಹೊಡೆದು ನೋಡುತ್ತಾರೆ?

ಉತ್ತರ: ಕಂಪ್ಯೂಟರಿಗೆ ಅರ್ಧ ಲೆಕ್ಕ ಮಾತ್ರ ತಾನಾಗಿ ಬರುತ್ತದೆ. ಉಳಿದರ್ಧಕ್ಕೆ ಆ ಲೋಹವನ್ನೇ ಕೇಳಬೇಕು.

ಒಂದು ತಾಮ್ರದ ಪ್ಲೇಟಿಗೆ ಇನ್ನೊಂದು ತಾಮ್ರದ ಪ್ಲೇಟು ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯಿತು ಅಂದುಕೊಳ್ಳಿ. ಎರಡೂ ಒಂದೇ ಲೋಹ. ಹಾಗಾಗಿ ಅವು ತಾಗಿದ ಜಾಗ ಅದರ ಅರ್ಧ ವೇಗದಲ್ಲಿ, ಅಂದರೆ ಸೆಕೆಂಡಿಗೆ 500 ಮೀಟರಿನಂತೆ ಮುಂದೆ ಸರಿಯುತ್ತದೆ. ಅದಕ್ಕೂ ಮುಂದೆ, ಆಘಾತದ ಅಲೆ ಸೆಕೆಂಡಿಗೆ ಸುಮಾರು 4.7 ಕಿಲೋಮೀಟರ್ ಓಡುತ್ತದೆ. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2 ಲಕ್ಷ ಪಟ್ಟು! ದ್ರವ್ಯರಾಶಿ, ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು), ಶಕ್ತಿ ಈ ಮೂರೂ ಎಲ್ಲೂ ಕಳೆದುಹೋಗುವುದಿಲ್ಲ ಎಂಬ ನಿಯಮ ಎಲ್ಲ ವಸ್ತುವಿಗೂ ಒಂದೇ. ಆದರೆ ಆ 4.7 ಎಂಬ ಅಂಕಿ ಆ ನಿಯಮಗಳಿಂದ ಹುಟ್ಟಿದ್ದಲ್ಲ. ತಾಮ್ರವನ್ನು ಬೇರೆ ಬೇರೆ ವೇಗದಲ್ಲಿ ಮತ್ತೆ ಮತ್ತೆ ಹೊಡೆದು, ಅಳೆದು ಪಡೆದದ್ದು. ಅಲ್ಯೂಮಿನಿಯಂಗೆ ಅಂಕಿ ಬೇರೆ, ಕಬ್ಬಿಣಕ್ಕೆ ಬೇರೆ.

ಲೆಕ್ಕ ಹಾಕುವುದೂ ಸುಲಭವಲ್ಲ. ಕಂಪ್ಯೂಟರು ಪ್ಲೇಟನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಚೌಕ 0.1 ಮಿಲಿಮೀಟರಿನದ್ದಾದರೆ ಅಲೆ ಅದನ್ನು ಸುಮಾರು 20 ನ್ಯಾನೋಸೆಕೆಂಡಿನಲ್ಲಿ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ದಾಟಿಬಿಡುತ್ತದೆ. ಲೆಕ್ಕದ ಒಂದೊಂದು ಹೆಜ್ಜೆಯೂ ಅದಕ್ಕಿಂತ ಚಿಕ್ಕದಿರಬೇಕು. ಇನ್ನೂ ಒಂದು ತೊಡಕಿದೆ. ಅಲೆಯ ಮುಂಭಾಗ ಚೌಕಕ್ಕಿಂತ ಎಷ್ಟೋ ತೆಳು. ಸುಮ್ನೆ ಲೆಕ್ಕ ಹಾಕಿದರೆ ಉತ್ತರ ಮೇಲೆ ಕೆಳಗೆ ಕುಣಿಯತೊಡಗುತ್ತದೆ. 1950ರಲ್ಲಿ ಫಾನ್ ನಾಯ್ಮನ್ ಮತ್ತು ರಿಕ್ಟ್‌ಮೈಯರ್ ಎಂಬ ವಿಜ್ಞಾನಿಗಳು ಇದಕ್ಕೊಂದು ಉಪಾಯ ಹೇಳಿದರು. ಲೆಕ್ಕದೊಳಗೆ ಬೇಕೆಂದೇ ಸ್ವಲ್ಪ ಕೃತಕ ಜಿಗುಟುತನ ಸೇರಿಸುವುದು. ಆಗ ಆ ಚೂಪು ಅಂಚು ಕೆಲವೇ ಚೌಕಗಳಷ್ಟು ಅಗಲಕ್ಕೆ ಹರಡುತ್ತದೆ, ವೇಗ ಮತ್ತು ಒತ್ತಡ ಮಾತ್ರ ಸರಿಯಾಗಿಯೇ ಉಳಿಯುತ್ತವೆ. ನನಗೆ ಈ ವಿಷಯದಲ್ಲೇ ಬಹಳ ಇಷ್ಟವಾದ ಉಪಾಯ ಇದು. ಇಂದಿಗೂ ಬಳಕೆಯಲ್ಲಿದೆ.

ಇನ್ನು ಒಡೆಯುವ ವಿಚಾರ. ಕೇರಂ ಬೋರ್ಡಿನ ಮೇಲೆ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಈ ತುದಿಗೆ ಸ್ಟ್ರೈಕರ್ ಹೊಡೆಯಿರಿ. ಆ ತುದಿಯ ಕಾಯಿ ಚಿಮ್ಮುತ್ತದೆ, ಅಲ್ವಾ? ಲೋಹದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಒತ್ತುತ್ತಾ ಹೋದ ಅಲೆ ಹಿಂದಿನ ಮೇಲ್ಮೈಗೆ ತಾಗಿ, ಎಳೆಯುವ ಅಲೆಯಾಗಿ ವಾಪಸ್ ಬರುತ್ತದೆ. ಒಳಗೆ ಸಣ್ಣ ತೂತುಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ಸೇರಿಕೊಳ್ಳುತ್ತವೆ. ಏಟು ಬಿದ್ದದ್ದು ಮುಂದೆ, ಆದರೆ ಚಕ್ಕೆ ಹಾರುವುದು ಹಿಂದಿನಿಂದ. ಎಷ್ಟು ಎಳೆದರೆ ಹರಿಯುತ್ತದೆ ಎಂಬುದು ಲೋಹದೊಳಗಿನ ಸಣ್ಣ ಹರಳುಗಳ ಗಾತ್ರ, ಒಳಗಿನ ಕಲ್ಮಶ, ಎಳೆತದ ವೇಗ ಎಲ್ಲದರ ಮೇಲೂ ನಿಂತಿದೆ. ಹಾಗಾಗಿ ಒಂದೇ ಹೆಸರಿನ ಲೋಹದ ಎರಡು ತುಂಡು ಒಂದೇ ಥರ ಒಡೆಯಬೇಕೆಂದಿಲ್ಲ.

ಅದಕ್ಕೇ ಪ್ರಯೋಗದಲ್ಲಿ ಪ್ಲೇಟಿನ ಬೆನ್ನಿಗೆ ಲೇಸರ್ ಹಿಡಿದು, ಅದು ಎಷ್ಟು ವೇಗದಲ್ಲಿ ಸರಿಯಿತು ಎಂದು ಗೆರೆ ಎಳೆಯುತ್ತಾರೆ. ಅದರ ಮೇಲೆ ಕಂಪ್ಯೂಟರಿನ ಗೆರೆ ಇಟ್ಟು ನೋಡುತ್ತಾರೆ. ಎರಡೂ ಎಲ್ಲಿ ಬೇರೆಯಾಗುತ್ತವೋ, ತಿದ್ದುವ ಕೆಲಸ ಅಲ್ಲಿಂದ ಶುರು.