ಹದ: ದುಡಿದೂ ಹದಗೆಡದಿರುವುದು

ಮಳೆ ಹೊಳವಾದ ಮೇಲೆ ನವಲಗುಂದ, ರೋಣದ ಕಡೆ ರೈತರು ಎರಿ (ಕಪ್ಪು) ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಕೆಳಗೆ ಬಿಟ್ಟು ನೋಡುವುದುಂಟು. ಉಂಡೆ ಚಪ್ಪಟೆಯಾಗಿ ಕೂತರೆ ‘ಇನ್ನೂ ಹದಾ ಬಂದಿಲ್ಲ’. ಬಿದ್ದು ಪುಡಿಯಾದರೆ ಬಿತ್ತನೆಯ ಕೂರಿಗಿ ಹೂಡಬಹುದು. ಉಂಡೆಯೇ ಕಟ್ಟದಿದ್ದರೆ ‘ಹದಾ ಹೋತು’. ಒಂದು ವಸ್ತು ತನ್ನ ಮೇಲೆ ಬೀಳುವ ಶ್ರಮವನ್ನು ಕೆಡದೆ ಸ್ವೀಕರಿಸಿ, ಅದನ್ನು ಫಲವಾಗಿಸಬಲ್ಲ ಸ್ಥಿತಿಯೇ ಹದ. ರೊಟ್ಟಿ ಹಿಟ್ಟಿಗೂ ಇದೇ ಅರ್ಥ: ಎಸರು, ನಾದುವಿಕೆ ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ, ನೀರು ಹೆಚ್ಚಾದರೆ ಕೈಗೆ ಅಂಟುತ್ತದೆ. ಚರ್ಮ ಹದ ಮಾಡುವುದು, ಪಾಕದ ಹದ, ಹದವರಿತ ಮಾತು ಎಲ್ಲವೂ ಇದೇ ಬೇರಿನವು.

ಈ ಪದವನ್ನು ‘ಮಿತ’ ಎಂದು ಓದಿಕೊಳ್ಳುವುದೇ ಸಾಮಾನ್ಯ ತಪ್ಪು. ಹದವಾಗಿ ದುಡಿ ಎಂದರೆ ಕಡಿಮೆ ದುಡಿ ಎಂದಲ್ಲ. ಎರಿ ಹೊಲದ ಹದ ಬಹಳ ದಿನ ಕಾಯುವುದಿಲ್ಲ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಜೇಡಿಮಣ್ಣು ಅದು. ಹದ ಬಂದಾಗ ಹೊತ್ತು ಮುಳುಗುವ ತನಕ ಬಿತ್ತುವವರೇ ಹದ ಬರುವ ಮುಂಚೆ ಕೈಕಟ್ಟಿ ಕೂರುತ್ತಾರೆ. ಎರಡೂ ಒಂದೇ ಕಸುಬಿನ ಭಾಗ. ಪದದ ಜೊತೆ ಬರುವ ಕ್ರಿಯಾಪದಗಳನ್ನೂ ಗಮನಿಸಬೇಕು: ಹದ ಬರುತ್ತದೆ, ತಪ್ಪುತ್ತದೆ, ಕೆಡುತ್ತದೆ. ಹದವನ್ನು ‘ಗೆದ್ದೆ’ ಎಂದು ಯಾರೂ ಹೇಳುವುದಿಲ್ಲ.

ಇಂಗ್ಲಿಷಿನಿಂದ ಬಂದ ‘ಬರ್ನ್‌ಔಟ್’ಗೆ ದಣಿವು, ಬಳಲಿಕೆ ಎಂಬ ಪದಗಳು ಸಾಲವು. ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಮನೋವಿಶ್ಲೇಷಕ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬರ್ನ್‌ಔಟ್ ಎಂಬ ಪದವನ್ನು ಶಾಸ್ತ್ರದ ಚರ್ಚೆಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದ ಮೇಲೆ ಮನಸ್ಸು ಮುರಿದು ತಾತ್ಸಾರ ಹುಟ್ಟುವುದು, ಮಾಡಿದ್ದು ಫಲಿಸದಿರುವುದು. ಸಂಸ್ಥೆಯ ಪ್ರಕಾರ ಇದು ರೋಗವಲ್ಲ, ನಿಭಾಯಿಸದೆ ಉಳಿದ ಉದ್ಯೋಗದ ಒತ್ತಡದ ಪರಿಣಾಮ. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಹದಗೆಡುವುದು. ಮೂರನೆಯ ಲಕ್ಷಣ ರೈತನಿಗೆ ಚೆನ್ನಾಗಿ ಗೊತ್ತು: ಹಸಿ ಮಣ್ಣಿನಲ್ಲಿ ರಂಟೆ (ನೇಗಿಲು) ಹೊಡೆದಷ್ಟೂ ಹೆಂಟೆ ಏಳುತ್ತದೆ, ಕೆಳಗಿನ ಪದರ ಗಟ್ಟಿಯಾಗುತ್ತದೆ. ದುಡಿಮೆ ಹೆಚ್ಚಿದಷ್ಟೂ ಹೊಲ ಕೆಡುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ಕಾಣುವುದೂ ಇದೇ. ಗೋಡೆಗೆ 14 ಗಂಟೆಯ ಟೈಮ್‌ಟೇಬಲ್ ಅಂಟಿರುತ್ತದೆ. ಮೊದಲ ವಾರ ಹುರುಪು, ಮೂರನೆಯ ವಾರ ಲೈಬ್ರರಿಯಲ್ಲಿ ಕೂತ ಗಂಟೆಗಳ ಎಣಿಕೆ, ಆರನೆಯ ವಾರ ಪುಸ್ತಕ ಕಂಡರೆ ಸಿಟ್ಟು. ಕಾರಣ ಸೋಮಾರಿತನವಲ್ಲ. ಒಂದೇ ಪುಟವನ್ನು ನಾಲ್ಕು ಸಲ ಓದಿದಾಗ ಅದು ಪರಿಚಿತವೆನಿಸುತ್ತದೆ, ಪರಿಚಯವನ್ನೇ ಕಲಿಕೆಯೆಂದು ನಂಬುತ್ತೇವೆ. ಮಾಕ್ ಟೆಸ್ಟಿನಲ್ಲಿ ಅಂಕ ಬೀಳುತ್ತದೆ. ಬಿದ್ದ ಅಂಕಕ್ಕೆ ಮದ್ದೆಂದು ನಿದ್ದೆಯಿಂದ ಇನ್ನೊಂದು ಗಂಟೆ ಕದಿಯುತ್ತಾರೆ.

ಎಷ್ಟು ಗಂಟೆ ಎನ್ನುವುದಕ್ಕೆ ಒಂದು ಒಳ್ಳೆಯ ಅಳತೆ ಇದೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರ್ಲಿನ್ನಿನ ಸಂಗೀತ ಅಕಾಡೆಮಿಯ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಒಂಟಿಯಾಗಿ ಕೂತು ಮಾಡುತ್ತಿದ್ದ ಅಭ್ಯಾಸ ದಿನಕ್ಕೆ ಸುಮಾರು ಮೂರೂವರೆ ಗಂಟೆ. ಅದೂ ನಡುನಡುವೆ ಬಿಡುವು ಕೊಟ್ಟು. ಅವರು ಕೆಳಗಿನ ಗುಂಪಿನವರಿಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದರು. ಈ ಅಧ್ಯಯನದಿಂದ ಜನ ನೆನಪಿಟ್ಟುಕೊಂಡಿದ್ದು ನಿಪುಣರಾಗಲು ಹತ್ತು ಸಾವಿರ ಗಂಟೆಯ ಅಭ್ಯಾಸ ಬೇಕು ಎಂಬ ಮಾತನ್ನು. ಆ ವಿದ್ಯಾರ್ಥಿಗಳ ಹಗಲಿನ ಸಣ್ಣ ನಿದ್ದೆಯನ್ನು ಮರೆತರು.

ಹಾಗಾಗಿ ಹೊಸ ಪಾಠ, ಕಷ್ಟದ ಲೆಕ್ಕ, ಪ್ರಬಂಧ ಬರೆಯುವುದು ಇಂಥ ಗಟ್ಟಿ ಕೆಲಸಕ್ಕೆ ದಿನಕ್ಕೆ ನಾಲ್ಕು ಗಂಟೆ ಸಾಕು. ಅದನ್ನು 60ರಿಂದ 90 ನಿಮಿಷದ ಮೂರು ಬೈಠಕ್ಕಾಗಿ ಒಡೆಯಿರಿ. ನಡುವೆ 15-20 ನಿಮಿಷ ಮೊಬೈಲ್ ಮುಟ್ಟದೆ ಅಡ್ಡಾಡಿ. ಪತ್ರಿಕೆ, ಪುನರಾವರ್ತನೆ, ಹಳೆಯ ಪ್ರಶ್ನೆಪತ್ರಿಕೆಗಳಿಗೆ ಇನ್ನೆರಡು ಮೂರು ಗಂಟೆ ಬೇರೆ. ನಿದ್ದೆ ಏಳು ಗಂಟೆಗೆ ಕಡಿಮೆಯಾಗಬಾರದು. ಸಂಜೆ ಗಿರಮಿಟ್ಟಿನ ಜೊತೆಯ ಚಹಾಕ್ಕೆ ಅಡ್ಡಿಯಿಲ್ಲ, ರಾತ್ರಿ ಹತ್ತರದ್ದು ಬೇಡ: ಕೆಫೀನಿನ ಅರ್ಧ ಪಾಲು ಮೈಯಿಂದ ಇಳಿಯಲು ಸುಮಾರು ಐದು ತಾಸು ಬೇಕು. ವಾರಕ್ಕೊಂದು ದಿನ ಪೂರ್ತಿ ಬಿಡುವು. ನಾಲ್ಕನೆಯ ವಾರ ಗಟ್ಟಿ ಕೆಲಸವನ್ನು ಮೂರನೇ ಒಂದು ಪಾಲು ಇಳಿಸಿ. ಹೊಟ್ಟೆಪಾಡಿಗೆ ಕೆಲಸ ಮಾಡುತ್ತಲೇ ಓದುವವರಿಗೆ ನಾಲ್ಕು ಗಂಟೆ ಸಿಗುವುದಿಲ್ಲ. ಒಂದೂವರೆ ಗಂಟೆಯ ಒಂದೇ ಬೈಠಕ್ ದಿನವೂ ನಡೆದರೂ ಅದು ಸಣ್ಣದಲ್ಲ.

ಮುಷ್ಟಿಯ ಉಂಡೆಗೆ ಸಮನಾದ ಪರೀಕ್ಷೆಯೂ ಉಂಟು. ಬೆಳಿಗ್ಗೆ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ನಿಮ್ಮದೇ ಮಾತಿನಲ್ಲಿ ಎರಡು ನಿಮಿಷ ಹೇಳಿ. ಬಂದರೆ ಕೂರಿಗಿ ಹೂಡಿ. ಬರದಿದ್ದರೆ ಆ ದಿನ ಹಗುರ ಕೆಲಸ. ಮೂರು ದಿನ ಸತತ ಬರದಿದ್ದರೆ ಮೊದಲು ಸರಿಪಡಿಸಬೇಕಾದದ್ದು ನಿದ್ದೆ, ಟೈಮ್‌ಟೇಬಲ್ ಅಲ್ಲ.

ವರ್ಷಗಟ್ಟಲೆ ಹದ ಕಾಯುವುದಕ್ಕೆ ಈ ಸೀಮೆಯಲ್ಲೇ ಉದಾಹರಣೆ ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ (1913-2009). ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ತಗ್ಗಿ ಗಡುಸಾಯಿತು. ಹಳೆಯ ಎತ್ತರದ ಶ್ರುತಿಗೆ ಗಂಟಲನ್ನು ಎಳೆಯದೆ, ಹೊಸ ದನಿಗೆ ಒಗ್ಗುವ ಗಾಯನವನ್ನೇ ಬೆಳೆಸಿಕೊಂಡು ದಶಕಗಟ್ಟಲೆ ಹಾಡಿದರು. ಧಾರವಾಡದ ಗಾಯಕ ಮಲ್ಲಿಕಾರ್ಜುನ ಮನಸೂರರಿಗೆ ಪದ್ಮಶ್ರೀ ಬಂದಾಗ 1970, ಅವರಿಗಾಗಲೇ ಅರವತ್ತರ ಹತ್ತಿರ. ಪದ್ಮವಿಭೂಷಣಕ್ಕೆ ಇನ್ನೂ 22 ವರ್ಷ ಬೇಕಾಯಿತು.

ಹದ ಪೂರ್ತಿ ಕೆಟ್ಟಿದ್ದರೆ, ಅಂದರೆ ಎರಡು ವಾರ ನಿದ್ದೆ, ಊಟ ತಪ್ಪಿ ಯಾವುದರಲ್ಲೂ ರುಚಿ ಇಲ್ಲವಾದರೆ, ಅದು ಖಿನ್ನತೆಯೂ ಇರಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯದೆ ಅಂದೇ ಕರೆ ಮಾಡಬೇಕು. ಅಷ್ಟಕ್ಕೆ ಹೋಗಿಲ್ಲದವರು ಒಂದು ವಾರ ಪುಸ್ತಕ ಮುಚ್ಚಿ, ಆಮೇಲೆ ದಿನಕ್ಕೆ 30 ನಿಮಿಷದಿಂದ ಶುರುಮಾಡಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸಬಹುದು. ಹೋದ ದಿನಗಳನ್ನು ಒಂದೇ ವಾರದಲ್ಲಿ ತುಂಬಿಸಲು ಹೋದರೆ ಮತ್ತೆ ಹಸಿಯಲ್ಲೇ ರಂಟೆ ಹೊಡೆದಂತೆ. ಎರಿ ಹೊಲದ ಹೆಂಟೆಯನ್ನು ಬಡಿದು ಪುಡಿ ಮಾಡುವುದು ಕಷ್ಟ. ಬಿಸಿಲಿಗೆ ಒಣಗಿ, ಮುಂದಿನ ಮಳೆಗೆ ನೆನೆದರೆ ಅದು ತಾನಾಗಿ ಉದುರುತ್ತದೆ.