ಕಚ್ಚಾತೈಲ ಅಗ್ಗವಾದರೆ ಲಾಭ ಯಾರ ಜೇಬಿಗೆ? ಪೆಟ್ರೋಕೆಮಿಕಲ್ ವ್ಯಾಪಾರದ ಬಗ್ಗೆ ಒಂದು ಟಿಪ್ಪಣಿ

ವಿಜಯನಗರದಲ್ಲಿ ಭಾನುವಾರ ಸೇರುವ ನಮ್ಮ ಓದಿನ ಗುಂಪಿನಲ್ಲಿ ಒಂಬತ್ತು ಮಂದಿ ಇದ್ದೇವೆ. ‘ಕಚ್ಚಾತೈಲದ ಬೆಲೆ ಇಳಿದರೆ ಪೆಟ್ರೋಕೆಮಿಕಲ್ ಕಾರ್ಖಾನೆಗೆ ಲಾಭವೇ?’ ಎಂಬ ಪ್ರಶ್ನೆಗೆ ಎಂಟು ಮಂದಿ ಕಣ್ಣು ಮುಚ್ಚಿ ‘ಹೌದು’ ಎಂದೆವು. ಆ ಎಂಟರಲ್ಲಿ ನಾನೂ ಒಬ್ಬಳು. ಎಲ್ಲಿ ಎಡವಿದೆವು ಎಂದು ಹುಡುಕುತ್ತ ಬರೆದುಕೊಂಡ ಟಿಪ್ಪಣಿ ಇದು.

ಮೊದಲು ಕಾರ್ಖಾನೆಯ ಒಳಗೆ ಇಣುಕೋಣ. ಕಚ್ಚಾತೈಲವನ್ನು ಶುದ್ಧೀಕರಿಸುವಾಗ ನಾಫ್ತಾ ಎಂಬ ಹಗುರವಾದ ದ್ರವ ಸಿಗುತ್ತದೆ. ಅದನ್ನು ಹಬೆಯೊಂದಿಗೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಕ್ಷಣಮಾತ್ರ ಹಾಯಿಸಿದರೆ ದೊಡ್ಡ ಅಣುಗಳು ಒಡೆಯುತ್ತವೆ. ಈ ಘಟಕಕ್ಕೆ ಕ್ರ್ಯಾಕರ್ ಎಂದು ಹೆಸರು. ಹೊರಬರುವ ಎಥಿಲೀನ್‌ನಿಂದ ಹಾಲಿನ ಪ್ಯಾಕೆಟ್ಟಿನ ಹಾಳೆ, ಪ್ರೊಪಿಲೀನ್‌ನಿಂದ ಬಕೆಟ್ಟು ಮತ್ತು ಸಿಮೆಂಟ್ ಚೀಲ, ಬ್ಯೂಟಡೈಯೀನ್‌ನಿಂದ ಟೈರಿನ ರಬ್ಬರ್ ತಯಾರಾಗುತ್ತವೆ.

ಇಲ್ಲಿ ಗಮನಿಸಬೇಕಾದದ್ದು, ಇವೆಲ್ಲವೂ ಒಟ್ಟಿಗೇ ಹುಟ್ಟುತ್ತವೆ. ಗಾಣಕ್ಕೆ ಕಡಲೆಕಾಯಿ ಹಾಕಿದ ಮೇಲೆ ‘ನನಗೆ ಎಣ್ಣೆ ಮಾತ್ರ ಸಾಕು, ಹಿಂಡಿ ಬೇಡ’ ಎನ್ನಲು ಬರುವುದಿಲ್ಲ. ಕ್ರ್ಯಾಕರ್ ಕೂಡ ಹಾಗೆಯೇ. ಆದರೆ ಹಾಕುವ ಕಾಳನ್ನು ಬದಲಿಸಿದರೆ ಎಣ್ಣೆ ಮತ್ತು ಹಿಂಡಿಯ ಪಾಲು ಬದಲಾಗುತ್ತದೆ. ನಾಫ್ತಾ ಹಾಕಿದರೆ ಎಥಿಲೀನ್ ಹೆಚ್ಚುಕಡಿಮೆ 30%, ಉಳಿದದ್ದು ಬೇರೆ ಬೇರೆ ಸರಕು. ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಈಥೇನ್ ಹಾಕಿದರೆ 80%ರ ಹತ್ತಿರ ಎಥಿಲೀನ್ ಸಿಗುತ್ತದೆ, ಉಳಿದವು ಅಷ್ಟಕ್ಕಷ್ಟೆ. ಶೇಲ್ ಬಂಡೆಯ ಅನಿಲ ಯಥೇಚ್ಛವಾಗಿ ಸಿಗತೊಡಗಿದ ಮೇಲೆ ಅಮೆರಿಕದ ಕಾರ್ಖಾನೆಗಳು ಅಗ್ಗದ ಈಥೇನ್‌ಗೆ ಹೊರಳಿದವು. ಅಲ್ಲಿ ಎಥಿಲೀನ್ ಅಗ್ಗವಾಯಿತು. ಬ್ಯೂಟಡೈಯೀನ್ ಮಾತ್ರ ಕೊರತೆಯಾಗಿ 2011ರಲ್ಲಿ ಅದರ ಬೆಲೆ ಗಗನಕ್ಕೇರಿತು. ಟೈರು ಮಾಡುವವರಿಗೂ ಶೇಲ್ ಅನಿಲಕ್ಕೂ ನಂಟಿದೆ ಎಂದು ಆವರೆಗೆ ಎಷ್ಟು ಜನರಿಗೆ ಹೊಳೆದಿತ್ತೋ!

ಈಗ ಲಾಭದ ಲೆಕ್ಕ. ನಾಫ್ತಾ ಕ್ರ್ಯಾಕರ್ ನಡೆಸುವವರು ಕಚ್ಚಾತೈಲದ ಬೆಲೆಗಿಂತ ಒಂದು ಅಂತರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ: ಒಂದು ಟನ್ ಎಥಿಲೀನ್ ಬೆಲೆಯಿಂದ ಒಂದು ಟನ್ ನಾಫ್ತಾ ಬೆಲೆ ಕಳೆದರೆ ಉಳಿಯುವುದೆಷ್ಟು? ಏಷ್ಯಾದಲ್ಲಿ ಅದು ಸುಮಾರು 250ರಿಂದ 300 ಡಾಲರ್ ಇದ್ದರೆ ಅಸಲು ಗಿಟ್ಟುತ್ತದೆ ಎಂಬುದು ರೂಢಿಯ ಮಾತು. ತೈಲ ಇಳಿದಾಗ ನಾಫ್ತಾ ಇಳಿಯುತ್ತದೆ, ಸರಿ. ಸರಕಿನ ಬೆಲೆಯೂ ಅಷ್ಟೇ ಇಳಿದರೆ? ಉಳಿತಾಯವೆಲ್ಲ ಕೊಳ್ಳುವವರ ಜೇಬಿಗೆ ಹೋಯಿತು. ಮಾರುಕಟ್ಟೆಯಲ್ಲಿ ಸರಕು ಬಿಗಿಯಾಗಿದ್ದರೆ, ಅಂದರೆ ಬೇಡಿಕೆಗೆ ತಕ್ಕಷ್ಟು ಸಿಗದಿದ್ದರೆ ಮಾತ್ರ ಅದು ಕಾರ್ಖಾನೆಯವರಿಗೆ ದಕ್ಕುತ್ತದೆ. 2014ರ ಕೊನೆಗೆ ತೈಲ ಕುಸಿದಾಗ ಏಷ್ಯಾದ ನಾಫ್ತಾ ಕ್ರ್ಯಾಕರ್‌ಗಳು ಮರುವರ್ಷ ಚೆನ್ನಾಗಿಯೇ ಗಳಿಸಿದವು. ಆದ್ದರಿಂದ ನಮ್ಮ ಉತ್ತರ ಪೂರ್ತಿ ತಪ್ಪಲ್ಲ, ಅರ್ಧ ಉತ್ತರ. (ಪರೀಕ್ಷೆಯಲ್ಲಿ ಅರ್ಧ ಉತ್ತರಕ್ಕೆ ಅರ್ಧ ಅಂಕ ಸಿಗುವ ಖಾತರಿಯಿಲ್ಲ.)

ಸರಕು ಬಿಗಿಯೋ ಸಡಿಲವೋ ಎಂಬುದನ್ನು ಈಗ ಬಹುಪಾಲು ನಿರ್ಧರಿಸುತ್ತಿರುವುದು ಚೀನಾ. ಕೋಲಾರದ ಟೊಮೆಟೊ ನೆನೆಯಿರಿ. ಒಂದು ವರ್ಷ ಬೆಲೆ ಏರಿದರೆ ಮುಂದಿನ ಬಾರಿ ಎಲ್ಲರೂ ಅದನ್ನೇ ನಾಟಿ ಮಾಡುತ್ತಾರೆ, ಎಲ್ಲರ ಬೆಳೆಯೂ ಒಟ್ಟಿಗೇ ಮಂಡಿಗೆ ಬರುತ್ತದೆ. ಟೊಮೆಟೊ ಗಿಡವನ್ನಾದರೂ ಮೂರ್ನಾಲ್ಕು ತಿಂಗಳಿಗೆ ಕಿತ್ತು ಹಾಕಬಹುದು. ಕ್ರ್ಯಾಕರ್ ಕಟ್ಟಲು ನಾಲ್ಕೈದು ವರ್ಷ ಬೇಕು, ಕಟ್ಟಿದ ಮೇಲೆ ದಶಕಗಟ್ಟಲೆ ಹಗಲಿರುಳೂ ಓಡಲೇಬೇಕು. ಕೊರಿಯಾದಂಥ ದೇಶಗಳ ದೊಡ್ಡ ಗಿರಾಕಿಯಾಗಿದ್ದ ಚೀನಾ 2020ರಿಂದೀಚೆಗೆ ಸಾಲುಸಾಲಾಗಿ ತನ್ನದೇ ಘಟಕಗಳನ್ನು ಕಟ್ಟಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬಳಸುವ ಅದರ ಮನೆ-ಕಟ್ಟಡಗಳ ನಿರ್ಮಾಣವೂ ಮಂಕಾಯಿತು. ಗಿರಾಕಿ ಎದುರು ಅಂಗಡಿ ತೆರೆದಂತಾಯಿತು. 2025ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಹತ್ತು ಕಂಪನಿಗಳು ವರ್ಷಕ್ಕೆ 27ರಿಂದ 37 ಲಕ್ಷ ಟನ್ ನಾಫ್ತಾ ಕ್ರ್ಯಾಕಿಂಗ್ ಸಾಮರ್ಥ್ಯವನ್ನು ಕಡಿತಗೊಳಿಸಲು ಒಪ್ಪಿದ್ದು ಇದರ ಫಲ.

ರಾಜಕೀಯದ ಪೆಟ್ಟು ಬೇರೆ ಬಗೆಯದು. ಅಮೆರಿಕ ರಫ್ತು ಮಾಡುವ ಈಥೇನ್‌ನಲ್ಲಿ ಸುಮಾರು ಅರ್ಧವನ್ನು ಕೊಳ್ಳುವುದು ಚೀನಾ. 2025ರ ಸುಂಕ ಸಮರದ ನಡುವೆ ಅಮೆರಿಕ ಇದಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಒಂದು ಹಂತದಲ್ಲಿ ಹಡಗಿಗೆ ತುಂಬಬಹುದು, ಚೀನಾದವರೆಗೆ ಸಾಗಬಹುದು, ಅಲ್ಲಿ ಇಳಿಸುವಂತಿಲ್ಲ ಎಂಬ ವಿಚಿತ್ರ ಆದೇಶವಿತ್ತು. ಈಥೇನ್ ದ್ರವವಾಗಿರಬೇಕಾದರೆ ಮೈನಸ್ 90 ಡಿಗ್ರಿಯ ಆಸುಪಾಸಿನಲ್ಲಿ ಇರಿಸಬೇಕು. ಅದಕ್ಕೆಂದೇ ಕಟ್ಟಿದ ಹಡಗು ಬೇಕು. ಅದನ್ನು ಕಂಡಕಂಡ ಬಂದರಿನಲ್ಲಿ ಇಳಿಸಲಾಗದು. ಜುಲೈ ಆರಂಭದಲ್ಲಿ ನಿರ್ಬಂಧ ತೆರವಾಯಿತು. ನಮ್ಮಲ್ಲಿ ರಿಲಯನ್ಸ್ ಕೂಡ 2017ರಿಂದ ಅಮೆರಿಕದ ಈಥೇನ್ ಅನ್ನು ಗುಜರಾತಿನ ದಹೇಜ್‌ಗೆ ತರಿಸುತ್ತಿದೆ.

ಬೇಡಿಕೆಯ ದೂರದ ನೋಟ ಚಿಕ್ಕದಾಗಿ: ವಿದ್ಯುತ್ ವಾಹನ ಹೆಚ್ಚಿದಂತೆ ಪೆಟ್ರೋಲ್ ಸೊರಗುತ್ತದೆ, ಶುದ್ಧೀಕರಣಾಗಾರಗಳು ಪ್ಲಾಸ್ಟಿಕ್ಕಿನತ್ತ ವಾಲುತ್ತವೆ. 2030ರವರೆಗಿನ ತೈಲ ಬೇಡಿಕೆಯ ಹೆಚ್ಚಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪೆಟ್ರೋಕೆಮಿಕಲ್‌ನದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲೇ ಅಂದಾಜಿಸಿತ್ತು. ಎಲ್ಲರೂ ಒಂದೇ ಕಡೆ ವಾಲಿದರೆ ಮತ್ತೆ ಅದೇ ಟೊಮೆಟೊ ಕಥೆ.

ಇದೆಲ್ಲ ಪೀಣ್ಯಕ್ಕೆ ಹೇಗೆ ತಲುಪುತ್ತದೆ? ಅಲ್ಲಿ ಬಕೆಟ್ಟು ಅಚ್ಚು ಹಾಕುವ ಒಂದು ಸಣ್ಣ ಘಟಕಕ್ಕೆ ಹೋಗಿದ್ದೆ. ಮೂಲೆಯಲ್ಲಿ ಪ್ರೊಪಿಲೀನ್‌ನಿಂದ ಮಾಡಿದ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನ್ ತುಂಬಿದ 25 ಕಿಲೋ ತೂಕದ ಚೀಲಗಳು. ಒಳಗೆ ಸಬ್ಬಕ್ಕಿಯಂಥ ಬಿಳಿ ಕಾಳು. ಈ ಕಾಳು ದೇಶದಲ್ಲೇ ತಯಾರಾದರೂ ಅದರ ಬೆಲೆ ಆಮದು ಸರಕಿನ ಬೆಲೆಗೆ ಅಂಟಿಕೊಂಡಿರುತ್ತದೆ. ಟನ್ನಿಗೆ 1,000 ಡಾಲರ್, ಡಾಲರಿಗೆ 85 ರೂಪಾಯಿ, ಸುಂಕ 7.5% ಎಂದಿಟ್ಟುಕೊಳ್ಳಿ: 91,375 ರೂಪಾಯಿ. ಡಾಲರ್ 88 ಆದರೆ 94,600. ಜಗತ್ತಿನಲ್ಲಿ ಬೇರೇನೂ ಬದಲಾಗದೆ ಕಿಲೋಗೆ ಮೂರು ರೂಪಾಯಿಗೂ ಮೀರಿದ ಏರಿಕೆ. ಬಂದರಿನ ಖರ್ಚು, ಇತರ ತೆರಿಗೆಗಳನ್ನು ನಾನು ಸೇರಿಸಿಲ್ಲ.

ಅಂದು ಮಾಲೀಕರ ಬಳಿ ಒಂದು ವಾರಕ್ಕಾಗುವಷ್ಟೇ ಕಾಳಿತ್ತು. ‘ವ್ಯಾಪಾರ ಕಡಿಮೆಯೇ, ಸಾರ್?’ ಎಂದು ಕೇಳಿದೆ. ‘ಬಕೆಟ್ಟು ಎಂದಿನಷ್ಟೇ ಹೋಗುತ್ತಿದೆಯಮ್ಮ. ತೈಲ ಇಳಿಯುತ್ತಿದೆ, ಕಾಳಿನ ಬೆಲೆಯೂ ಇಳಿಯುತ್ತದೆ. ಇವತ್ತೇ ಕೊಂಡು ಏಕೆ ತುಂಬಿಸಿಡಲಿ?’ ಎಂದರು. ಇಂಥ ಸಾವಿರಾರು ಮಂದಿ ಒಟ್ಟಿಗೇ ಕೈಕಟ್ಟಿ ಕುಳಿತರೆ, ಹಳೆಯ ಬೆಲೆಗೆ ನಾಫ್ತಾ ಕೊಂಡು ಕುಲುಮೆ ಉರಿಸುತ್ತಿರುವ ಕಾರ್ಖಾನೆಯ ಗೋದಾಮು ತುಂಬುತ್ತ ಹೋಗುತ್ತದೆ.